ಮೂರನೆಯ ಭಾನುವಾರದ ಚೀಟಿ

ನನ್ನ ಕಂಠದ ಬಗ್ಗೆ ನನಗೆ ಸ್ವಲ್ಪ ಜಂಬವಿದೆ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ವರ್ಷಗಟ್ಟಲೆ ಶಾಲೆಯಲ್ಲಿ ಹಾಜರಿ ಕೂಗಿದ ಕಂಠ ಅದು. ನಿವೃತ್ತನಾದ ಮೇಲೆ ಅದಕ್ಕೆ ಹುಮನಾಬಾದಿನ ನಮ್ಮ ಚರ್ಚಿನಲ್ಲಿ ಭಾನುವಾರದ ಪ್ರಕಟಣೆ ಓದುವ ಕೆಲಸ ಸಿಕ್ಕಿತು. ಯಾರ ಮನೆಯಲ್ಲಿ ಪ್ರಾರ್ಥನೆ, ಯಾರಿಗೆ ಜ್ವರ, ಕಸ ಗುಡಿಸುವ ಸರದಿ ಯಾರದು, ಎಲ್ಲವನ್ನೂ ರೇಡಿಯೋ ವಾರ್ತೆಯವರ ಗಾಂಭೀರ್ಯದಲ್ಲಿ ಓದುತ್ತೇನೆ. ಪಾದ್ರಿ ಅಯ್ಯನವರ ಉಪದೇಶಕ್ಕಿಂತ ಅದೇ ಉದ್ದ ಎಂದು ನನ್ನ ಹೆಂಡತಿಯ ದೂರು.

ಇವುಗಳಲ್ಲಿ ದೊಡ್ಡದು ಮದುವೆಯ ಪ್ರಕಟಣೆ. ಮದುವೆಗೆ ಮುಂಚೆ ಸಾಲಾಗಿ ಮೂರು ಭಾನುವಾರ ವಧೂವರರ ಹೆಸರು ಓದಿ, ಯಾರದಾದರೂ ತಕರಾರಿದ್ದರೆ ಈಗಲೇ ಹೇಳಿ ಎಂದು ಸಭೆಯನ್ನು ಕೇಳಬೇಕು. ಆಮೇಲೆ ನಾನು ಮೂರು ಉಸಿರಿನಷ್ಟು ಹೊತ್ತು ಸುಮ್ಮನಿರುತ್ತೇನೆ. ಆಗ ಹೆಣ್ಣಿನ ಕಡೆಯವರು ಸೆರಗು ಹಿಂಡುವುದನ್ನು ನೋಡುವುದೇ ನನಗೊಂದು ತುಂಟ ಸಂತೋಷ.

ಈ ವರ್ಷ ವಧು ರತ್ನಮ್ಮ, ಅಂಗನವಾಡಿ ಟೀಚರು. ತಮ್ಮಂದಿರ ಓದು, ತಂಗಿಯರ ಬಾಣಂತನ ಎಲ್ಲ ಮುಗಿಸಿ ನಲವತ್ತೊಂದಕ್ಕೆ ಅವಳ ಸರದಿ ಬಂದಿತ್ತು. ವರ ಬಸವಕಲ್ಯಾಣದ ಬಸ್ ಡ್ರೈವರು. ಮೂರನೆಯ ಭಾನುವಾರದ ಮರುದಿನ ಸೋಮವಾರವೇ ಮದುವೆ. ಬುಧವಾರ ಲೆಂಟಿನ ಉಪವಾಸದ ಕಾಲ ಶುರುವಾದರೆ ಈಸ್ಟರ್‌ವರೆಗೆ ನಮ್ಮಲ್ಲಿ ಮದುವೆ ಮಾಡುವುದಿಲ್ಲ.

ಮೂರನೆಯ ಭಾನುವಾರ ನಾನು ಅವರ ಹೆಸರಿದ್ದ ಚೀಟಿಯನ್ನು ಗುರುತಿಗೆಂದು ಕೀರ್ತನೆ ಪುಸ್ತಕದಲ್ಲಿಟ್ಟು, ಹಾಡುವ ಹುರುಪಿನಲ್ಲಿ ಓದುವುದನ್ನೇ ಮರೆತುಬಿಟ್ಟೆ. ಜನ ಮನೆಗೆ ಹೋದರು. ಪುಸ್ತಕ ಎತ್ತಿಡುವಾಗ ಚೀಟಿ ಕಾಲ ಬಳಿ ಬಿತ್ತು. ರತ್ನಮ್ಮ ಬಾಗಿಲಲ್ಲೇ ನಿಂತಿದ್ದಳು.

“ಇರ್ಲಿ ಬಿಡ್ರಿ ಮಾಸ್ತರ, ಈಸ್ಟರ್ ಆದ ಮ್ಯಾಲ ನೋಡೋಣು. ನನಗ ಕಾಯೋದು ರೂಢಿ ಅದ.”

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಜಂಬದ ಕಂಠವನ್ನು ಬದಿಗಿಟ್ಟು, ಅಂಗಳಕ್ಕೆ ಓಡಿ ಅಯ್ಯನವರ ಮುಂದೆ ತಪ್ಪೊಪ್ಪಿಕೊಂಡೆ.

ಬಸವಕಲ್ಯಾಣದ ಆರಾಧನೆಗೆ ಹೊರಟಿದ್ದ ಅಯ್ಯನವರು ಬೈಕಿನಿಂದ ಇಳಿದರು. “ಗಂಟಿ ಬಾರಸ್ರಿ ಮಾಸ್ತರ. ಭಾನುವಾರ ಇನ್ನಾ ಮುಗದಿಲ್ಲ, ಇನ್ನೊಮ್ಮೆ ಆರಾಧನಿ ಮಾಡೋಣು.”

ಹೊತ್ತಲ್ಲದ ಹೊತ್ತಿನಲ್ಲಿ ನಮ್ಮ ಗಂಟೆ ಬಾರಿಸುವುದು ಸಾವಿಗೆ ಮಾತ್ರ. ಜನ ಗಾಬರಿಯಿಂದ ಓಡಿ ಬಂದರು. ಕೆಲವರು ಊಟ ಬಿಟ್ಟು ಎದ್ದಿದ್ದರು, ಕೆಲವರ ಕೈಯಲ್ಲಿ ಇನ್ನೂ ರೊಟ್ಟಿ ಹಿಟ್ಟು.

“ಯಾರು ಹೋದ್ರು?”

“ನನ್ನ ನೆನಪು” ಎಂದೆ. ಯಾರೂ ನಗಲಿಲ್ಲ.

ಒಂದು ಹಾಡು, ಒಂದು ಪ್ರಾರ್ಥನೆ ಆದ ಮೇಲೆ ಚೀಟಿ ಓದಿದೆ. ತಕರಾರು ಕೇಳಿ ಸುಮ್ಮನಾದೆ. ಎರಡನೆಯ ಉಸಿರಿಗೆ ಹಿಂದಿನ ಸಾಲಿನಿಂದ ಮುದುಕಿ ಕರುಣಮ್ಮ ಎದ್ದಳು.

“ನಂದು ತಕರಾರ ಅದರಿ.”

ರತ್ನಮ್ಮನ ಮುಖ ಬಿಳುಚಿತು. ನನ್ನದೂ ಅಷ್ಟೇ ಇರಬೇಕು.

“ಒಲಿ ಮ್ಯಾಲ ಬ್ಯಾಳಿ ಇಟ್ಟು ಬಂದೀನಿ. ಈ ಹುಡುಗೀನ ನಾಳಿತನಕರ ಯಾಕ ಕಾಯಸ್ತೀರಿ? ಇವತ್ತೇ ಮುಗಸ್ರಿ.”

ಎಲ್ಲರಿಗಿಂತ ಮೊದಲು ನಕ್ಕವಳು ರತ್ನಮ್ಮ. ನಗುತ್ತಲೇ ಅತ್ತಳು. ಸೋಮವಾರ ಮದುವೆಯಾಯಿತು.

ಈಗ ಚೀಟಿ ಅಂಗಿಯ ಜೇಬಿನಲ್ಲಿರುತ್ತದೆ. ಆ ಮೂರು ಉಸಿರಿನ ಹೊತ್ತು ನಾನು ಹೆಣ್ಣಿನ ಕಡೆಯವರನ್ನು ನೋಡುವುದನ್ನೂ ಬಿಟ್ಟಿದ್ದೇನೆ, ಉಳಿದವರನ್ನು ನೋಡುತ್ತೇನೆ. ತಕರಾರು ಯಾರದೆಂದು ಕೇಳುವುದು ನಮ್ಮ ನಿಯಮ, ಒಪ್ಪಿಗೆ ಯಾರದೆಂದು ಕೇಳುವ ಪದ್ಧತಿಯಿಲ್ಲ. ಕೇಳಬೇಕಾಗಿಯೂ ಇಲ್ಲ. ಅದು ಬಂದು ಬೆಂಚಿನ ಮೇಲೆ ಕೂತಿರುತ್ತದೆ, ಕೆಲವೊಮ್ಮೆ ಕೈಗೆ ಹಿಟ್ಟು ಮೆತ್ತಿಕೊಂಡು.