ಆರೂವರೆ ಅಡಿ ಗಿಡ್ಡ ಕೋರ್ಟು

ಸುಜಾತಾ, ನೀನು ಆಡಿ ಬೆಳೆದ ಟೆನಿಸ್ ಕೋರ್ಟು ಅಳತೆಗೆ ಸರಿ ಇರಲಿಲ್ಲ. ಆರೂವರೆ ಅಡಿ ಗಿಡ್ಡದಿತ್ತು. ಅದಕ್ಕೆ ಕಲ್ಲು ಹಾಸಿದವನು ನಿನ್ನ ಮುತ್ಯಾ, ನಾನೇ. ಗಿಡ್ಡ ಎಂದು ನನಗೆ ತಿಳಿದಾಗ ನಿನಗೆ ಹತ್ತು ವರ್ಷ. ಈಗ ಇಪ್ಪತ್ನಾಲ್ಕು. ಇಷ್ಟು ವರ್ಷ ನಾನು ಬಾಯಿ ಬಿಡಲಿಲ್ಲ. ಬಾಯಿ ಬಿಡದಿದ್ದದ್ದಷ್ಟೇ ಅಲ್ಲ — ನಿನಗೆ ಒಂದು ಸುಳ್ಳು ಹೇಳಿದೆ. ಮೊನ್ನೆ ಪಂದ್ಯ ಸೋತ ಮೇಲೆ ನೀನು ಅದೇ ಸುಳ್ಳನ್ನು ಖರೆ ಎಂದು ಎಲ್ಲರ ಮುಂದೆ ಹೇಳಿದೆಯಲ್ಲ, ಅದನ್ನು ನಾನೂ ಕೇಳಿದೆ.

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಹೇಳಲೆಂದೇ ಎರಡು ಸಲ ಫೋನು ಕೈಗೆ ತೆಗೆದುಕೊಂಡೆ. ಆದರೆ ಆ ಕಡೆಯಿಂದ ನೀನು "ಮುತ್ಯಾ" ಎಂದ ಕೂಡಲೇ ನನಗೆ ಸಂತೋಷ ಉಕ್ಕಿಬಿಡುತ್ತದೆ. ಊಟ ಮಾಡಿದಿಯಾ, ಮೊಣಕಾಲು ಹೆಂಗದ ಎಂದು ಕೇಳುತ್ತ ಕೇಳುತ್ತ ಹೇಳುವ ಮಾತು ಅಲ್ಲೇ ಉಳಿಯುತ್ತದೆ. ನಿನ್ನ ಮೇಲಿನ ಸಂತೋಷವೇ ಹದಿನಾಲ್ಕು ವರ್ಷ ನನ್ನ ಬಾಯಿಗೆ ಕೈ ಅಡ್ಡ ಹಿಡಿದಿದೆ. ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕನೇ ಇಯತ್ತೆ ಓದಿದವನ ಅಕ್ಷರ, ತಪ್ಪಿದ್ದರೆ ನೀನೇ ತಿದ್ದಿಕೊಂಡು ಓದು.

ನಿನಗೆ ಆರು ವರ್ಷವಿದ್ದಾಗ, ಕಾರ್ಖಾನೆಯ ಸಾಹೇಬರ ಕ್ಲಬ್ಬಿನಲ್ಲಿ ಕಾಲುದಾರಿಗೆ ಪರಸಿ ಕಲ್ಲು ಹಾಸುವ ಕೆಲಸ ನನಗೆ ಸಿಕ್ಕಿತ್ತು. ಅಲ್ಲಿ ಮೂಲೆಗೆ ಬಿಸಾಡಿದ್ದ ಒಂದು ರಾಕೆಟ್ಟು ಕೇಳಿ ತಂದೆ. ಅರ್ಧ ತಂತಿ ಹರಿದಿದ್ದವು. ಮನೆಯ ಹಿಂದೆ ಒಟ್ಟಿದ್ದ ಕಲ್ಲಿನ ರಾಶಿಗೆ ನೀನು ಚೆಂಡು ಹೊಡೆಯಲು ನಿಂತವಳು ಮಧ್ಯಾಹ್ನದ ಊಟಕ್ಕೂ ಬರಲಿಲ್ಲ. ನಿನ್ನ ಆಯಿ ಬೈದಳು — "ಹೆಣ್ಣುಕೂಸು ಮೊಮ್ಮಗಳು, ಆಕಿ ಕೈಯಾಗ ಬಡಿಗಿ ಕೊಟ್ಟೀರಿ, ನಾಳಿ ನನಗೇ ಹೊಡೀತಾಳ ನೋಡ್ರಿ!" ನನಗೋ, ನಿನ್ನ ಕೈ ತಿರುಗುವುದನ್ನು ನೋಡಿ ಎದೆ ತುಂಬಿ ಹೋಯಿತು. ಈ ಕೂಸಿಗೆ ಒಂದು ಖರೆಖರೆ ಕೋರ್ಟು ಮಾಡಿ ಕೊಡಬೇಕು ಎಂದು ಅಂದೇ ಅಂದುಕೊಂಡೆ.

ಕ್ಲಬ್ಬಿನ ಮಾಲಿಯನ್ನು ಉದ್ದ ಎಷ್ಟು ಎಂದು ಕೇಳಿದೆ. ಎಪ್ಪತ್ತೆಂಟು ಅಡಿ ಎಂದ. ನನ್ನ ಲೆಕ್ಕ ಕಲ್ಲಿನ ಲೆಕ್ಕ. ಎರಡಡಿ ಪರಸಿ ಮೂವತ್ತೊಂಬತ್ತು ಹಾಸಿದರೆ ಎಪ್ಪತ್ತೆಂಟು. ಟೇಪು ಯಾಕೆ ಬೇಕು ಭೀಮಶಾ ಮೇಸ್ತ್ರಿಗೆ? ಶಹಾಬಾದದಲ್ಲಿ, ವಾಡಿಯಲ್ಲಿ, ಅತ್ತ ಸೇಡಂತನಕ ಎಷ್ಟು ಮನೆಗೆ ಕಲ್ಲು ಹಾಸಿದ್ದೇನೆ, ಎಲ್ಲಿಯೂ ದಾರ ಹಿಡಿದದ್ದು ಬಿಟ್ಟರೆ ಟೇಪು ಹಿಡಿದವನಲ್ಲ.

ತಪ್ಪಿದ್ದು ಅಲ್ಲೇ. ಎರಡಡಿ ಪರಸಿ ಎಂಬುದು ಹೆಸರಿಗೆ ಎರಡಡಿ. ಖಣಿಯಿಂದ ಬಂದ ಕಲ್ಲನ್ನು ಮಶೀನಿಗೆ ಕೊಟ್ಟು ನಾಲ್ಕೂ ಅಂಚು ಕೊಯ್ದ ಮೇಲೆ ಅದು ಇಪ್ಪತ್ತೆರಡು ಇಂಚಿಗೆ ಬಂದಿರುತ್ತದೆ. ಈ ಧಂದೆಯಲ್ಲಿ ಇರುವವರಿಗೆಲ್ಲ ಗೊತ್ತು. ನನಗೆ ಗೊತ್ತಿರಲಿಲ್ಲವೆಂದು ಹೇಳಿದರೆ ಕಲ್ಲು ನಕ್ಕಾವು. ಆದರೆ ಮನೆಯೊಳಗೆ ಕಲ್ಲು ಹಾಸುವವನಿಗೆ ಆ ಎರಡು ಇಂಚು ನೆನಪಿಡುವ ಕೆಲಸವೇ ಬೀಳುವುದಿಲ್ಲ. ಗೋಡೆಯಿಂದ ಗೋಡೆಗೆ ಹಾಸುತ್ತ ಹೋಗುತ್ತೇವೆ, ಕಡಿಮೆ ಬಿದ್ದಲ್ಲಿ ಒಂದು ತುಂಡು ಕೊಯ್ದು ಕೂರಿಸುತ್ತೇವೆ. ಎಲ್ಲಿ ನಿಲ್ಲಬೇಕು ಎಂದು ಗೋಡೆಯೇ ಹೇಳುತ್ತದೆ. ನಿನ್ನ ಕೋರ್ಟಿಗೆ ಗೋಡೆ ಇರಲಿಲ್ಲ. ಬಯಲು. ನಾನು ಮೂವತ್ತೊಂಬತ್ತು ಎಣಿಸಿದೆ, ನಿಂತೆ, ಕೊನೆಯ ಕಲ್ಲಿಗೆ ಬಿಳಿ ಬಣ್ಣದ ಗೆರೆ ಎಳೆದೆ. ಮೊದಲ ಕಲ್ಲಿನ ಮೂಲೆಯಲ್ಲಿ ಉಳಿಯಿಂದ ನನ್ನ ಹೆಸರು ಕೊರೆದೆ.

ಆ ನಾಲ್ಕು ವರ್ಷ — ಅಬ್ಬಾ, ನನ್ನ ಜನ್ಮದಲ್ಲಿ ಅಂಥ ಸಂತೋಷ ಕಂಡಿಲ್ಲ. ಮುಂಜಾನೆ ಕಲ್ಲಿನ ಮೇಲೆ ನಿನ್ನ ಚೆಂಡು ಟಪ್ ಟಪ್ ಎನ್ನುವ ಸಪ್ಪಳಕ್ಕೆ ಏಳುತ್ತಿದ್ದೆ. ಬಲೆಯ ಈ ಕಡೆ ಧೋತರ ಎತ್ತಿ ಕಟ್ಟಿ ನಾನು, ಆ ಕಡೆ ನೀನು. ನಾನು ಓಡಲಾರದೆ ನಿಂತರೆ "ಮುತ್ಯಾ, ನಿನ್ನ ಕಾಲಿಗೂ ಸಿಮೆಂಟ್ ಹಾಕ್ಯಾರೇನು?" ಎಂದು ನಗುತ್ತಿದ್ದಿ. ಗೆರೆಯ ಹತ್ತಿರ ಒಂದು ಗೇಣು ಒಳಗೆ ಚೆಂಡು ಬೀಳಿಸಲು ನೀನು ಕಲಿತೆ. ಹತ್ತಕ್ಕೆ ಒಂಬತ್ತು. ಆ ಗೆರೆ ಸುಳ್ಳು ಗೆರೆ ಎಂದು — ಅಂದು ನನಗೂ ಗೊತ್ತಿರಲಿಲ್ಲ. ಅಲ್ಲಿಯವರೆಗೆ ಅದು ತಪ್ಪು. ಮುಂದಿನದು ತಪ್ಪಲ್ಲ, ಅದಕ್ಕೆ ಬೇರೆ ಹೆಸರಿದೆ.

ನಿನ್ನಪ್ಪ ಮೊದಲನೇ ಸಲ ನಿನ್ನನ್ನು ಕಲಬುರಗಿಗೆ ಆಡಲು ಕರೆದುಕೊಂಡು ಹೋದ. ನೀನು ಮೊದಲ ಆಟದಲ್ಲೇ ಸೋತು ಬಂದೆ. ಚಪ್ಪಲಿ ಬಿಡುವ ಮುಂಚೆಯೇ ನನ್ನ ಹತ್ತಿರ ಬಂದು ಹೇಳಿದೆ — "ಮುತ್ಯಾ, ಅಲ್ಲಿ ಕೋರ್ಟ್ ಭಾಳ ಉದ್ದ ಅದ. ಎಷ್ಟು ಹೊಡದ್ರೂ ಚೆಂಡು ಗೆರಿಕಿಂತ ಮುಂಚೇ ಬೀಳ್ತದ. ಆ ಹುಡುಗಿ ಓಡಿ ಬಂದು ಬಡೀತಾಳ."

ನಾನು ನಕ್ಕೆ. ಆದರೆ ನೀನು ಮರುದಿನ ಸಾಲಿಗೆ ಹೋದ ಮೇಲೆ ಕಲ್ಲಿನ ಮಶೀನಿನವರ ಹತ್ತಿರ ಉಕ್ಕಿನ ಟೇಪು ತಂದೆ. ನಿನ್ನ ಆಯಿ ಒಂದು ತುದಿ ಹಿಡಿದು ಕೂತಳು.

"ಎಷ್ಟು ಬಂತ್ರಿ?"

"ಎಪ್ಪತ್ತೊಂದೂವರಿ."

"ಇರಬೇಕಾಗಿದ್ದು?"

ನಾನು ಮತ್ತೊಮ್ಮೆ ಅಳೆದೆ. ಮತ್ತೂ ಅಷ್ಟೇ. ಒಂದೊಂದು ಕಡೆ ಮೂರಡಿ ಮೂರು ಇಂಚು ಕಡಿಮೆ.

"ಇಪ್ಪತ್ತೆರಡು ಇಂಚಿನ ಕಲ್ಲಿಗಿ ಎರಡಡಿ ಅಂತ ಎಣಿಸೀರೇನು? ಅಯ್ಯ ನನ್ನ ಮೇಸ್ತ್ರಿ!" ನಿನ್ನ ಆಯಿ ಮೊದಲು ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. "ಕೂಸು ಬಂದ ಕೂಡ್ಲೇ ಹೇಳಿಬಿಡ್ರಿ. ಅದರಾಗೇನದ?"

ಅದರಲ್ಲಿ ಏನಿತ್ತು? ನನ್ನ ಹೆಸರಿತ್ತು. ಮೊಮ್ಮಗಳಿಗಾಗಿ ಮೇಸ್ತ್ರಿ ಹಾಸಿದ ಕೋರ್ಟು ಎಂದು ಚಿತ್ತಾಪುರದಿಂದ, ಸೇಡಂನಿಂದ ಜನ ನೋಡಲು ಬರುತ್ತಿದ್ದರು. ಪೇಪರಿನವರು ಫೋಟೊ ತೆಗೆದಿದ್ದರು. ಬಂದವರಿಗೆಲ್ಲ ನೀನೇ ಹೇಳುತ್ತಿದ್ದಿ — "ನಮ್ಮ ಮುತ್ಯಾನ ಅಳತಿ ತಪ್ಪಂಗಿಲ್ಲ." ಆ ಮಾತು ಕೇಳಿದಾಗ ನಾನು ಎಷ್ಟು ಉಬ್ಬುತ್ತಿದ್ದೆನೆಂದರೆ — ಇರಲಿ. ನಿನ್ನ ಆಯಿಗೆ ಬಾಯಿ ಮುಚ್ಚು ಎಂದೆ. ಅವಳು ಮುಚ್ಚಿದಳು. ಆದರೆ ಅಂದಿನಿಂದ ನನ್ನನ್ನು ಒಂದು ದಿನವೂ ಮೇಸ್ತ್ರಿ ಎಂದು ಕರೆದಿಲ್ಲ. ನೀನು ಗಮನಿಸಿರಲಿಕ್ಕಿಲ್ಲ.

ಸಂಜೆ ನೀನು ಸಾಲಿಯಿಂದ ಬಂದು ಮತ್ತೆ ಕೇಳಿದೆ, "ಖರೇನೇ ಅಲ್ಲಿದು ಉದ್ದ ಇರ್ತದೇನು ಮುತ್ಯಾ?"

ಟೇಪು ಆಗ ನನ್ನ ಅಂಗಿಯ ಕಿಸೆಯಲ್ಲೇ ಇತ್ತು. ನಾನು ನಿನ್ನ ತಲೆಯ ಮೇಲೆ ಕೈ ಇಟ್ಟು ಹೇಳಿದೆ —

"ಕೋರ್ಟ್ ಎಲ್ಲಾ ಕಡಿ ಒಂದೇ ಇರ್ತದ, ನನ್ನವ್ವ. ನಿನಗ ಅಂಜಿಕಿ ಬಂದದ. ಅಂಜಿಕಿ ಬಂದವರಿಗಿ ಎಲ್ಲಾ ಉದ್ದ ಕಾಣ್ತದ."

ನೀನು ತಲೆ ಅಲ್ಲಾಡಿಸಿದೆ. ಹತ್ತು ವರ್ಷದ ಕೂಸು, ನಿನ್ನ ಕಣ್ಣು ಕಂಡದ್ದನ್ನು ಬಿಟ್ಟು ನನ್ನ ಮಾತು ನಂಬಿದೆ.

ಆ ವರ್ಷವೇ ನೀನು ಕಲಬುರಗಿಯ ಹಾಸ್ಟೆಲಿಗೆ ಹೋದೆ. ಆಮೇಲೆ ದೂರದ ಊರುಗಳು, ದೊಡ್ಡ ಕೋಚುಗಳು. ಇನ್ನು ನನ್ನ ಕಲ್ಲಿನ ಮೇಲೆ ಆಡುವುದು ಎಲ್ಲಿದೆ, ತಾನೇ ಸರಿ ಹೋಗುತ್ತದೆ ಎಂದುಕೊಂಡೆ. ಆದರೆ ರಜೆಗೆ ಬಂದಾಗೆಲ್ಲ ನೀನು ಅದೇ ಕೋರ್ಟಿಗೆ ಇಳಿಯುತ್ತಿದ್ದಿ. ಕೋಚ್ ಒಂದೇ ಮಾತು ಹೇಳುತ್ತಾರೆ, ಸಂಕಟದ ಹೊತ್ತಿನಲ್ಲಿ ಚೆಂಡು ಗೆರೆಗೆ ಮುಟ್ಟದೆ ಕಡಿಮೆ ಬೀಳುತ್ತದೆ ಅನ್ನುತ್ತಾರೆ ಎಂದು ಊಟಕ್ಕೆ ಕೂತಾಗ ಹೇಳುತ್ತಿದ್ದಿ. ನಿನ್ನ ಆಯಿ ಕಣ್ಣೆತ್ತಿ ನನ್ನನ್ನೇ ನೋಡುತ್ತಿದ್ದಳು. ನಾನು ರೊಟ್ಟಿ ಮುರಿಯುತ್ತಿದ್ದೆ.

ಆಚೆ ಮೊನ್ನೆ ನಿನ್ನ ಪಂದ್ಯದ ದಿನ ಎಲ್ಲ ಮಶೀನು ನಿಲ್ಲಿಸಿ, ಕಲ್ಲಿನ ಪುಡಿ ಮೆತ್ತಿದ ಮುಖದಲ್ಲೇ ಜನ ನಮ್ಮ ಮನೆಗೆ ಬಂದರು. ಒಂದು ಮೊಬೈಲು, ಇಪ್ಪತ್ತು ತಲೆ. ನೀನು ಮೊದಲ ಸೆಟ್ಟು ಗೆದ್ದಾಗ ನಾನು ಎದ್ದು ಕುಣಿದೆ. ಈ ವಯಸ್ಸಿಗೆ ಕುಣಿದೆ! ಮೂರನೆಯದರಲ್ಲಿ ನೀನೇ ಮುಂದಿದ್ದೆ. ಆಮೇಲೆ ಶುರುವಾಯಿತು. ಒಂದು ಚೆಂಡು ಕಡಿಮೆ ಬಿತ್ತು. ಎದುರಿನ ಹುಡುಗಿ ಮುಂದೆ ಬಂದು ಬಡಿದಳು. ಮತ್ತೊಂದು ಕಡಿಮೆ. ಆ ಜಾಗ ನಾನು ಗುರುತು ಹಿಡಿದೆ, ಸುಜಾತಾ. ಮೊಬೈಲಿನ ಆ ಸಣ್ಣ ಗಾಜಿನಲ್ಲೂ ಗುರುತು ಹಿಡಿದೆ. ನನ್ನ ಬಿಳಿ ಗೆರೆಯಿಂದ ಒಂದು ಗೇಣು ಒಳಗೆ. ಅಲ್ಲಿಯೇ, ಮತ್ತೆ ಮತ್ತೆ ಅಲ್ಲಿಯೇ —

ಮರುದಿನ, ನೀನು ಪೇಪರಿನವರ ಮುಂದೆ ಆಡಿದ ಮಾತು ಮೊಬೈಲಿನಲ್ಲಿ ಬಂತು. ಕೇಳಲು ಮತ್ತೆ ಅದೇ ಜನ. ನೀನು ಹೇಳಿದೆ, "ಆಕಿ ಛಲೋ ಆಡಿದಳು. ನಾ ಸೋತಿದ್ದು ಅಂಜಿಕಿಗಿ. ಸಣ್ಣಾಕಿದ್ದಾಗ ನಮ್ಮ ಮುತ್ಯಾ ಹೇಳಿದ್ದ — ಕೋರ್ಟ್ ಎಲ್ಲಾ ಕಡಿ ಒಂದೇ, ಅಂಜಿಕಿ ನಿನ್ನದು ಅಂತ. ಖರೇ ಹೇಳಿದ್ದ. ಅಂಜಿಕಿ ಇನ್ನೂ ಹೋಗಿಲ್ಲ. ಹೋಗಂಗಿಲ್ಲ ಅನಸ್ತದ. ಇನ್ನ ಆಡೋದು ಬಿಡಬೇಕಂತ ಮಾಡೀನಿ."

"ಏ ಭೀಮಶಾ ಕಾಕಾ, ನಿನ್ನ ಹೆಸರು ತಗೊಂಡ್ಳು ನೋಡು!" ಎಂದು ಯಾರೋ ಬೆನ್ನು ತಟ್ಟಿದರು. "ಪೇಡೆ ತರಿಸು ಕಾಕಾ!" ನಿನ್ನ ಕೊನೆಯ ಮಾತು ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ, ಎಲ್ಲರೂ ಚಪ್ಪಾಳೆ ಹೊಡೆದರು. ನಾನು ನಡುವೆ ಕೂತಿದ್ದೆ. ಹದಿನಾಲ್ಕು ವರ್ಷ! ನಾನು ಅಂದು ಸಂಜೆ ತಪ್ಪಿಸಿಕೊಳ್ಳಲು ಆಡಿದ ಒಂದು ಮಾತನ್ನು ನೀನು ದಿನಾ ಹೊತ್ತುಕೊಂಡು ಆಡಿದ್ದೆ. ಚಪ್ಪಾಳೆ ಹೊಡೆಯದೆ ಕೂತಿದ್ದವಳು ನಿನ್ನ ಆಯಿ ಒಬ್ಬಳೇ. ಜನ ಹೋದ ಮೇಲೆ ಒಂದೇ ಮಾತು ಅಂದಳು, "ಈಗರ ಹೇಳ್ತೀರೋ, ಇಲ್ಲ ನಾನೇ ಹೇಳ್ಲೋ?"

ಆ ಸೋಲಿಗೆ ನನ್ನ ಕಲ್ಲೇ ಕಾರಣವೋ ಅಲ್ಲವೋ ನನಗೆ ಗೊತ್ತಿಲ್ಲ. ಸರಿ ಅಳತೆಯ ಕೋರ್ಟಿನಲ್ಲಿ ನೀನು ಎಷ್ಟೋ ವರ್ಷ ಆಡಿದ್ದೀ, ಎಷ್ಟೋ ಗೆದ್ದಿದ್ದೀ. ಕೋಚ್ ಕೇಳಿದರೆ ಮುದುಕನ ಮಾತು ಎಂದು ನಗಬಹುದು. ಕಲ್ಲಿನದು ಬಿಡು. ಆದರೆ ಆ ಮಾತು — ಅದು ನನ್ನದು. ಗೆದ್ದಾಗಲೂ ನೀನು ನಿನ್ನನ್ನು ಅಂಜುಬುರುಕಿ ಎಂದುಕೊಂಡೇ ಗೆದ್ದೆಯಲ್ಲ, ಆ ಗೆಲುವುಗಳನ್ನು ನಾನು ಎಲ್ಲಿಂದ ತಂದು ತಿರುಗಿ ಕೊಡಲಿ?

ನಿನ್ನೆ ಬೆಳಗ್ಗೆ ಜನರನ್ನು ಕರೆದೆ. ಮೊನ್ನೆ ಚಪ್ಪಾಳೆ ಹೊಡೆದವರನ್ನೇ. ಅವರೆದುರಿಗೆ ಟೇಪು ಹಿಡಿದು ಅಳೆದು ತೋರಿಸಿದೆ. ಒಬ್ಬ, "ಹಾಸಿಬಿಡೋಣ ಕಾಕಾ, ಎರಡೂ ಕಡಿ ಎರಡೆರಡು ಸಾಲು, ಮಧ್ಯಾಹ್ನದಾಗ ಮುಗೀತದ" ಎಂದ. ಬೇಡವೆಂದೆ. ಹಾಸಿದರೆ ನೀನು ಬರುವ ಹೊತ್ತಿಗೆ ಮತ್ತೆ ಮುಚ್ಚಿಟ್ಟಂತೆ ಆಗುತ್ತದೆ. ಕಲ್ಲು ಮುಗಿದಲ್ಲಿಂದ ಮೂರಡಿ ಮೂರು ಇಂಚು ಆಚೆ, ಬರೀ ಮಣ್ಣಿನ ಮೇಲೆ, ಎರಡೂ ಕಡೆ ಸುಣ್ಣದ ಗೆರೆ ಎಳೆದಿದ್ದೇನೆ. ನಡುವಿನ ಮಣ್ಣು ಹಾಗೆಯೇ ಇದೆ.

ಆಟ ಬಿಡುವುದೋ ಆಡುವುದೋ ನಿನ್ನ ಮನಸ್ಸು. ಆಡು ಎಂದು ಹೇಳುವ ಬಾಯಿ ನನಗೆ ಉಳಿದಿಲ್ಲ. ಬಿಡುವುದಾದರೆ ಮೊಣಕಾಲು ನೋವಿಗೆ ಬಿಡು, ಬೇಸರಕ್ಕೆ ಬಿಡು. ನಾನು ಕೊಟ್ಟ ಅಂಜಿಕೆಗೆ ಬಿಡಬೇಡ. ಅಂದು ಸಂಜೆ ಅಂಜಿದವನು ನಾನು. ನೀನು ಕಂಡದ್ದನ್ನು ಕಂಡ ಹಾಗೆ ಹೇಳಿದ್ದೆ.

ಟೇಪು ಅಲ್ಲೇ ಸುಣ್ಣದ ಗೆರೆಯ ಮೇಲೆ ಇದೆ. ನೀನು ಬಂದು ನಿನ್ನ ಕೈಯಿಂದಲೇ ಅಳೆದು ನೋಡು. ಇನ್ನೊಂದು ತುದಿಯನ್ನು ನಾನು ಹಿಡಿದು ಕೂರುತ್ತೇನೆ — ಹಿಡಿ ಎಂದು ನೀನು ಹೇಳಿದರೆ.