ಮನೆಯಲ್ಲಿ ಕರೆಯುವ ಹೆಸರು

ನಮ್ಮ ವಿನುತಾ ಡಾಕ್ಟರು ಮಕ್ಕಳ ಮನಶ್ಶಾಸ್ತ್ರಜ್ಞೆ. ಆಟಿಸಂ ಬಗ್ಗೆ ಇಪ್ಪತ್ತು ವರ್ಷದಿಂದ ಸಂಶೋಧನೆ ಮಾಡುತ್ತಿದ್ದರೂ ಭಟ್ಕಳದಿಂದ ಕುಮಟೆಯವರೆಗೆ ಯಾರಿಗೂ ಒಂದು ಗುಳಿಗೆ ಬರೆದುಕೊಟ್ಟವರಲ್ಲ; ಹಾಗಾಗಿ ಹೊನ್ನಾವರದ ಅವರ ಕ್ಲಿನಿಕ್ಕಿನ ಪಕ್ಕದ ಔಷಧಿ ಅಂಗಡಿಯವನಿಗೆ ಅವರ ಮೇಲೆ ಅಷ್ಟೇನೂ ಗೌರವವಿಲ್ಲ. ಅವರ ಕುರ್ಚಿಯಲ್ಲಿ ಯಾವಾಗಲೂ ಕೂತಿರುವುದು ಅವರ ಚೀಲ. ಅವರು ನೆಲದ ಮೇಲೆ, ಮಗುವಿನ ಪಕ್ಕದಲ್ಲಿ, ಸಮುದ್ರದ ಚಿಪ್ಪುಗಳನ್ನು ಸಾಲಾಗಿ ಇಡುತ್ತಿರುತ್ತಾರೆ. ಬಾಗಿಲಿಗೆ ಬಂದ ಅಪ್ಪಂದಿರು "ಡಾಕ್ಟ್ರು ಇಲ್ವಾ?" ಎಂದು ಅವರನ್ನೇ ಕೇಳುತ್ತಾರೆ. ಯಾರು ಏನು ಕೇಳಿದರೂ ಅವರ ಉತ್ತರ "ನೋಡ್ವಾ, ಎಂತ ಗಡಿಬಿಡಿ?" ಹೀಗೆನ್ನುತ್ತಲೇ ಎಷ್ಟೋ ಬಸ್ಸು ತಪ್ಪಿಸಿಕೊಂಡಿದ್ದಾರೆ. ಗಡಿಬಿಡಿ ಇರುವುದು ಒಂದೇ ಪ್ರಶ್ನೆಗೆ: ಮಗು ಹೊಸ್ತಿಲು ದಾಟುವ ಮೊದಲೇ "ಮನೇಲಿ ಎಂತ ಹೇಳಿ ಕರೀತ್ರಿ?" ಅನ್ನುತ್ತಾರೆ. ಗೋಡೆಯಲ್ಲಿ ಪದವಿಪತ್ರ ಇರಬೇಕಾದ ಜಾಗದಲ್ಲಿ ಕಟ್ಟು ಹಾಕಿಸಿದ ಹಳೆಯ ಫಾರಂ ಒಂದಿದೆ. 'ಹೆಸರು: ಕಾಳಿ. ವಯಸ್ಸು: ಮೂರು. ಹೆಸರು ಕರೆದರೆ ತಿರುಗುತ್ತಾಳೆಯೇ: ಇಲ್ಲ.' ಕ್ಲಿನಿಕ್ಕು ತೆರೆದ ಮೊದಲ ವರ್ಷ ಹತ್ತು ಸಲ ಕರೆದು ನೋಡಿ ಅವರೇ ಬರೆದದ್ದು. ಹೆಸರಿಗೆ ತಿರುಗದಿರುವುದು ಆಟಿಸಂನ ಲಕ್ಷಣವಿರಬಹುದೆಂದು ಕೇಳಿ ತಾಯಿ ವಾರವಿಡೀ ಅತ್ತಳಂತೆ. ಮರುವಾರ ಮುಟ್ಟಳ್ಳಿಯಿಂದ ಮಗುವಿನ ಅಜ್ಜ ಶುಕ್ರ ಬಂದು, "ಕಾಳಿ ಅಂದ್ರೆ ತೀರಿಹೋದ ನನ್ನ ಹೆಂಡ್ತಿ ಹೆಸರು ಅಮ್ಮಾ. ಅತ್ತೆ ಹೆಸರು ಸೊಸೆ ಬಾಯಲ್ಲಿ ಬರ್ತದ್ಯಾ? ಮನೇಲಿ ಎಲ್ಲಾ ಪುಟ್ಟಿ ಅಂತೇ ಕರೂದು" ಎಂದ. ಅದನ್ನು ಕೇಳಿದ್ದೇ ಮಗು ಅಜ್ಜನ ಕಡೆ ತಿರುಗಿತು. ಡಾಕ್ಟರು ಆ 'ಇಲ್ಲ'ವನ್ನು ಅಳಿಸಲಿಲ್ಲ. ಅದರ ಕೆಳಗೆ ಕೆಂಪು ಶಾಯಿಯಲ್ಲಿ ಒಂದು ಸಾಲು ಸೇರಿಸಿದರು: 'ಕರೆದವಳಿಗೆ ಮಗುವಿನ ಹೆಸರು ಗೊತ್ತಿರಲಿಲ್ಲ.'