ನೀರಿನಡಿಯಲ್ಲಿ ನಿಲ್ಲಿಸಿಟ್ಟವ

ಸಮುದ್ರಕ್ಕೆ ಹೋದವರು ಮರಳುವತನಕ ನಮ್ಮ ಮನೆಯಲ್ಲಿ ಪಾತ್ರೆ ಬೋರಲು ಹಾಕುವಂತಿಲ್ಲ. ತೊಳೆದ ಚೆಂಬು, ಬೋಗುಣಿ, ಕೊಡ ಎಲ್ಲವೂ ಬಾಯಿ ಮೇಲೆ ಮಾಡಿಕೊಂಡೇ ಒಣಗಬೇಕು. ಮಗುಚಿದ ಪಾತ್ರೆ ಕಂಡರೆ ನಮ್ಮನ್ನು ಹೆತ್ತ ಆಯಿಗೆ ಮಗುಚಿದ ದೋಣಿಯೇ ಕಂಡಂತೆ. ಕಂಪ್ಯೂಟರ್ ಕಲಿಯಲು ಹೋಗತೊಡಗಿದ ಮೇಲೆ ನಾನು ಇದಕ್ಕೆಲ್ಲ ನಗುತ್ತಿದ್ದೆ. ಆದರೆ ಅಣ್ಣ ಬೈತಖೋಲ ಬಂದರಿನಿಂದ ಮೀನಿನ ಟ್ರಾಲರ್ ಹತ್ತಿ ಹೋದ ದಿನ ಒಂದು ಲೋಟವನ್ನೂ ಬೋರಲು ಹಾಕುತ್ತಿರಲಿಲ್ಲ.

ಕಾರವಾರದ ಆ ಕ್ಲಾಸಿನಲ್ಲಿ ಟೈಪಿಂಗ್ ಮುಗಿಸಿದವರಿಗೆ ಗೇಮ್ ಆಡಲು ಬಿಡುತ್ತಿದ್ದರು. ಉಳಿದವರೆಲ್ಲ ಕಾರು ಓಡಿಸಿ ಗುದ್ದಿಸುತ್ತಿದ್ದರೆ ನನಗೆ ಅಂಟಿಕೊಂಡದ್ದು ಸಮುದ್ರದಡಿಯ ಆಟ. ಮುಳುಗಿದ ಹಡಗಿನೊಳಗೆ ಟಾರ್ಚ್ ಹಿಡಿದ ಮುಳುಗುಗಾರನೊಬ್ಬ ಕೋಣೆ ಕೋಣೆ ಹುಡುಕುತ್ತ ಇಳಿಯುತ್ತಾನೆ. ಅವನ ಉಸಿರು ಹೆಡ್‌ಫೋನಿನಲ್ಲಿ ನನ್ನದೇ ಉಸಿರಿನಂತೆ ಕೇಳುತ್ತದೆ. ಪರದೆಯ ಮೂಲೆಯಲ್ಲಿ ಉಳಿದ ಗಾಳಿ ತೋರಿಸುವ ಮುಳ್ಳು ಇಳಿಯುತ್ತಿರುತ್ತದೆ. ಕತ್ತಲಲ್ಲಿ ಏನೋ ಹಿಂಬಾಲಿಸುತ್ತದೆ; ಅದು ಪೂರ್ತಿ ಕಾಣುವುದೇ ಇಲ್ಲ, ಅದೇ ದೊಡ್ಡ ಹಿಂಸೆ. ಹಿಂದಿನ ಬಾಗಿಲು ತನ್ನಷ್ಟಕ್ಕೆ ಮುಚ್ಚಿಕೊಳ್ಳುವುದರಿಂದ ಇಳಿಯಲು ದಾರಿ ಇದೆ, ಮೇಲೆ ಬರಲು ಇಲ್ಲ. ಹೆದರಿ ಬೆವರುತ್ತಿದ್ದೆ. ಮರುದಿನ ಮತ್ತೆ ಅದೇ ಕುರ್ಚಿಗೆ ಹೋಗಿ ಕೂರುತ್ತಿದ್ದೆ.

ಮಳೆಗಾಲದ ರಜೆ ಮುಗಿದು ಟ್ರಾಲರ್‌ಗಳು ಹೊರಟ ಹೊಸತು. ಒಂದು ಬೆಳಿಗ್ಗೆ ಗಾಳಿ ತಿರುಗಿತು. ಜೊತೆಗೆ ಹೋದ ದೋಣಿಗಳೆಲ್ಲ ಮರಳಿದವು, ಅಣ್ಣನದು ಬರಲಿಲ್ಲ. ಮೀನು ಇಳಿಸುವ ಧಕ್ಕೆಯಲ್ಲಿ ಹರಾಜು ಕೂಗುವವರೂ ನಮ್ಮನ್ನು ಕಂಡು ದನಿ ತಗ್ಗಿಸಿದರು. ಅರ್ಗಾ ಊರಿನ ಎದುರಿನ ಕಡಲಲ್ಲಿ ಅದನ್ನು ಕಂಡೆ ಎಂದು ಒಬ್ಬ ಹೇಳಿದ, ಅದು ಬೇರೆ ದೋಣಿ ಎಂದು ಇನ್ನೊಬ್ಬ. ಮನೆಯಲ್ಲಿ ಫೋನ್ ಇರಲಿಲ್ಲ. ಅಣ್ಣನಿಗೆ ಗೊತ್ತಿದ್ದದ್ದು ಕ್ಲಾಸಿನ ನಂಬರ್ ಮಾತ್ರ, ನಾನೇ ಬಾಯಿಪಾಠ ಮಾಡಿಸಿದ್ದೆ. ಹಾಗಾಗಿ ಆಯಿ ನನ್ನನ್ನು ಅಲ್ಲಿಗೆ ಓಡಿಸಿದಳು.

ಫೋನಿನ ಪಕ್ಕದ ಕಂಪ್ಯೂಟರಿನೆದುರು ಕೂತೆ. ಕೈ ಸುಮ್ಮನಿರಲಾರದೆ ಆಟ ತೆರೆಯಿತು. ಹಿಂದಿನ ದಿನ ಬಿಟ್ಟಲ್ಲೇ ಮುಳುಗುಗಾರ ಇದ್ದ, ಗಾಳಿಯ ಮುಳ್ಳು ಕೆಂಪಿನ ಹತ್ತಿರ. ಈಗ ಇವನು ಸತ್ತರೆ ಎಂದು ಹೊಳೆಯಿತು. ಆಟ ಎಂದು ಗೊತ್ತು. ಸತ್ತರೆ ಮತ್ತೆ ಶುರುವಾಗುತ್ತದೆ ಎಂದೂ ಗೊತ್ತು. ಆದರೂ ಗುಂಡಿ ಒತ್ತಿ ಆಟವನ್ನು ಅಲ್ಲಿಗೇ ನಿಲ್ಲಿಸಿದೆ. ನಿಲ್ಲಿಸಿದರೆ ಗಾಳಿ ಖರ್ಚಾಗುವುದಿಲ್ಲ.

ಮನೆಯಲ್ಲಿ ಕೂರಲಾಗದೆ ಆಯಿಯೂ ಬಂದಳು. ಮೀನಿನ ಬುಟ್ಟಿ ಹೊತ್ತು ಊರೆಲ್ಲ ತಿರುಗಿದವಳು ಆ ಕ್ಲಾಸಿನ ಹೊಸ್ತಿಲು ದಾಟಿದ್ದು ಅದೇ ಮೊದಲು. ಪರದೆ ನೋಡಿ ಇವನು ಯಾರು ಎಂದು ಕೇಳಿದಳು. ಆಟದವನು ಎಂದೆ. ಎಲ್ಲಿದ್ದಾನೆ ಎಂದಳು. ನೀರಿನಡಿಯಲ್ಲಿ ಎಂದು ಹೇಳಲೇಬೇಕಾಯಿತು.

"ಅಂವನ್ನ ಮೇಲೆ ತಕಾ."

"ಬರೂಕೆ ಆಗುದಿಲ್ಲ ಆಯಿ. ಮೇಲೆ ಬರೂ ದಾರಿನೇ ಇಲ್ಲ."

ಆಯಿ ಪರದೆಯ ಹತ್ತಿರಕ್ಕೆ ಬಗ್ಗಿ ನೋಡಿದಳು. ಹಾಗಾದರೆ ಅವನನ್ನು ಅಲುಗಿಸಬೇಡ ಎಂದಳು. ಊಟಕ್ಕೆ ಹೊರಟ ಮೇಷ್ಟ್ರು ಕಂಪ್ಯೂಟರ್ ಆರಿಸಲು ಬಂದಾಗ ಸ್ವಿಚ್ಚಿಗೆ ಅಡ್ಡ ಕುರ್ಚಿ ಎಳೆದುಕೊಂಡು ಕೂತಳು. ಹರಾಜಿನಲ್ಲಿ ಗಂಡಸರನ್ನೇ ಮೊಣಕೈಯಲ್ಲಿ ಸರಿಸುವವಳು ಅವಳು. ಮೇಷ್ಟ್ರು ಸುಮ್ಮನೆ ಊಟಕ್ಕೆ ಹೋದರು. ನಾವು ಒಂದು ಕಣ್ಣು ಫೋನಿನ ಮೇಲೆ, ಒಂದು ಕಣ್ಣು ಅವನ ಮೇಲೆ ಇಟ್ಟು ಕಾದೆವು. ಆ ಗಾಳಿಯಲ್ಲಿ ಕರೆಂಟನ್ನು ನಂಬುವಂತಿರಲಿಲ್ಲ. ಟ್ಯೂಬ್‌ಲೈಟ್ ಒಮ್ಮೆ ಮಿಣುಕಿದಾಗ ಆಯಿ ನನ್ನ ಮಣಿಕಟ್ಟು ಹಿಡಿದಳು. ಆಮೇಲೆ ಬಿಡಲೇ ಇಲ್ಲ.

ಸಂಜೆಯ ಹೊತ್ತಿಗೆ ಫೋನ್ ಬಡಿದುಕೊಂಡಿತು. ಅಣ್ಣನೇ. ಇಂಜಿನ್ ಕೆಟ್ಟು, ಬೇರೆ ದೋಣಿಯವರು ಅಂಕೋಲೆಯ ಬೇಲೆಕೇರಿಗೆ ಎಳೆದು ತಂದಿದ್ದರಂತೆ. ಎಲ್ಲರೂ ಕ್ಷೇಮ, ಹಸಿವು ಮಾತ್ರ ಜೋರು ಎಂದ. ನಾನು ಗೊಳೋ ಎಂದು ಅತ್ತೆ. ಆಯಿ ಅಳಲಿಲ್ಲ, ಸೆರಗು ಸಿಕ್ಕಿಸಿಕೊಂಡು ಮೀನು ಸಾರಿಗೆ ಏನಿದೆ ಎಂದು ಲೆಕ್ಕ ಹಾಕುತ್ತ ಹೊರಗೆ ನಡೆದಳು. ಮೇಷ್ಟ್ರು ಕಂಪ್ಯೂಟರ್ ಆರಿಸಿದರು. ನಾನು ಬೇಡ ಎನ್ನಲಿಲ್ಲ.

ಅಣ್ಣ ಬಸ್ಸಿನಲ್ಲಿ ಮನೆಗೆ ಬಂದು, ಉಂಡು, ಮಲಗಿದ. ಆಯಿ ಪಾತ್ರೆ ತೊಳೆದು ಒಂದೊಂದನ್ನೇ ನಿರಾಳವಾಗಿ ಬೋರಲು ಹಾಕಿದಳು. ಕೊನೆಯ ಚೆಂಬನ್ನು ಮಾತ್ರ ಬಾಯಿ ಮೇಲೆ ಮಾಡಿ ಇಟ್ಟಳು. ಮರೆತಿರಬೇಕೆಂದು ನಾನೇ ಅದಕ್ಕೆ ಕೈ ಹಾಕಿದೆ.

"ಇರ್ಲಿ ಬಿಡೇ," ಎಂದಳು ಆಯಿ. "ಆ ನೀರಿನ ಕೆಳಗಿನಂವ ಇನ್ನೂ ಬರ್ಲಿಲ್ಲ ಅಲಾ."